ನಾನ್‌ಬೈನರಿ ಬದುಕು, ಸರ್ವನಾಮದ ಆಯ್ಕೆ: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳನ್ನು ನಾನ್‌ಬೈನರಿ ಆಗಿರುವವರು, ಅವರ ಅಪ್ಪ ಅಮ್ಮ, ಗೆಳೆಯರು, ಜೊತೆಗೆ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುತ್ತಾರೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇವೆ. ಮೊದಲಿನಿಂದ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಪ್ರಶ್ನೆಗಳು

ನಾನ್‌ಬೈನರಿ ಅಂದ್ರೆ ಸರಿಯಾಗಿ ಏನು?

ಗಂಡು, ಹೆಣ್ಣು ಎಂಬ ಎರಡು ಗುರುತುಗಳಲ್ಲಿ ಯಾವುದೂ ತಮಗೆ ಪೂರ್ತಿ ಹೊಂದುವುದಿಲ್ಲ ಎನ್ನುವವರು ನಾನ್‌ಬೈನರಿ. ಕೆಲವರಿಗೆ ಎರಡೂ ಅಲ್ಲ ಅನಿಸುತ್ತದೆ, ಕೆಲವರಿಗೆ ಎರಡೂ ಹೌದು ಅನಿಸುತ್ತದೆ, ಇನ್ನು ಕೆಲವರಿಗೆ ಅದು ಕಾಲಕಾಲಕ್ಕೆ ಬದಲಾಗುತ್ತದೆ. ಇದು ಲಿಂಗತ್ವದ ಮಾತು. ಯಾರನ್ನು ಪ್ರೀತಿಸುತ್ತಾರೆ ಎಂಬುದು ಬೇರೆ, ದೇಹ ಹೇಗಿದೆ ಎಂಬುದೂ ಬೇರೆ. ಗಡ್ಡ ಬಿಟ್ಟವರೂ ನಾನ್‌ಬೈನರಿ ಆಗಿರಬಹುದು, ಸೀರೆ ಉಡುವವರೂ ಆಗಿರಬಹುದು. ನೋಡಿ ಹೇಳಲು ಬರುವುದಿಲ್ಲ.

ಹಿಜ್ರಾ, ಜೋಗಪ್ಪ ಅಂತಾರಲ್ಲ, ಅದೇನಾ ಇದು?

ಅಲ್ಲ. ಹಿಜ್ರಾ ಸಮುದಾಯಕ್ಕೆ ಗುರು-ಚೇಲಾ ಸಂಬಂಧ, ತಮ್ಮದೇ ಮನೆತನ, ತಮ್ಮದೇ ಕಟ್ಟುಪಾಡುಗಳಿವೆ. ಅವರು ನಡೆಸುವ ಬೆಂಗಳೂರಿನ ಹಮಾಮ್‌ಗಳು, ಅಂದರೆ ಸ್ನಾನದ ಮನೆಗಳು, ಅದರ ಭಾಗ. ಜೋಗಪ್ಪ, ಜೋಗತಿಯರ ಬದುಕು ಸವದತ್ತಿ ಯಲ್ಲಮ್ಮನ ಭಕ್ತಿಗೆ ಸೇರಿದ್ದು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಆ ಪರಂಪರೆಯವರು. ನಾನ್‌ಬೈನರಿ ಎಂಬುದು ಒಬ್ಬರು ತಮ್ಮ ಬಗ್ಗೆ ಹೇಳಿಕೊಳ್ಳುವ ಗುರುತು, ಅದಕ್ಕೆ ದೀಕ್ಷೆಯೂ ಇಲ್ಲ, ಪಂಗಡವೂ ಇಲ್ಲ. ಎರಡೂ ಹೌದು ಎನ್ನುವವರಿರಬಹುದು. ಆದರೆ ಆ ಸಮುದಾಯಗಳೊಳಗೆ ಬದುಕದೆ ಅವುಗಳ ಹೆಸರನ್ನು ಎತ್ತಿಕೊಳ್ಳುವುದು ತರವಲ್ಲ. ಹಾಗೆಯೇ ಇಂಟರ್‌ಸೆಕ್ಸ್ ಎಂಬುದು ಹುಟ್ಟಿನಿಂದ ಬಂದ ದೇಹರಚನೆಯ ವೈವಿಧ್ಯ. ಅದನ್ನೂ ಇದನ್ನೂ ಬೆರೆಸಬಾರದು.

ಇದು ಈಗಿನ ಮಕ್ಕಳ ಫ್ಯಾಷನ್ ಅಲ್ವಾ?

ಅಲ್ಲ. ಐವತ್ತು ದಾಟಿದ ಮೇಲೆ, ಮಕ್ಕಳ ಮದುವೆ ಮಾಡಿದ ಮೇಲೆ ಹೇಳಿಕೊಂಡವರೂ ಇದ್ದಾರೆ. ಮುಂದೊಂದು ದಿನ ಯಾರಾದರೂ ತಮ್ಮ ಬಗ್ಗೆ ಬೇರೆ ಮಾತು ಹೇಳಿದರೂ, ಇವತ್ತು ಅವರು ಕೇಳಿದ ಹಾಗೆ ಕರೆದದ್ದರಿಂದ ಯಾರಿಗೂ ಏನೂ ನಷ್ಟವಾಗಿರುವುದಿಲ್ಲ.

ನನಗೆ ಹೀಗೆ ಅನ್ನಿಸ್ತಿದೆ, ಆದ್ರೆ ಖಾತ್ರಿ ಇಲ್ಲ. ಹೇಗೆ ತಿಳ್ಕೊಳ್ಳೋದು?

ಇದಕ್ಕೆ ಪರೀಕ್ಷೆ ಇಲ್ಲ, ಪ್ರಯೋಗ ಇದೆ. ನಂಬಿಕೆಯ ಇಬ್ಬರು ಸ್ನೇಹಿತರಿಗೆ ಹೇಳಿ, ಮೂರು ವಾರ ಹೊಸ ಸರ್ವನಾಮ ಬಳಸಲು ಕೇಳಿ. ಇಲ್ಲಿ ಹಲವರು ಒಂದು ಕಡೆ ಎಡವುತ್ತಾರೆ: ಎದುರಿಗೆ ಮಾತಾಡುವಾಗ ನಿಮ್ಮನ್ನು ‘ನೀನು’ ಎಂದೇ ಕರೆಯುವುದರಿಂದ ಹೊಸ ಸರ್ವನಾಮ ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಹಾಗಾಗಿ ಅವರಿಬ್ಬರು ನಿಮ್ಮ ಮುಂದೆಯೇ ನಿಮ್ಮ ಬಗ್ಗೆ ಮಾತಾಡಲಿ, ಇಲ್ಲವೇ ನಿಮ್ಮ ಬಗ್ಗೆ ಏನಾದರೂ ಹೇಳಿ ಒಂದು ವಾಯ್ಸ್ ನೋಟ್ ಕಳಿಸಲಿ. ಜೊತೆಗೆ ದಿನಚರಿಯನ್ನು ಮೂರನೆಯವರ ಬಗ್ಗೆ ಬರೆದ ಹಾಗೆ ಬರೆದು ನೋಡಿ, ನಿಮ್ಮ ಹೆಸರು ಕಿರಣ್ ಎಂದುಕೊಂಡರೆ ಹೀಗೆ: ‘ಇವತ್ತು ಕಿರಣ್ ಮಲ್ಲೇಶ್ವರಕ್ಕೆ ಹೋಗಿದ್ದರು, ಮಳೆಯಲ್ಲಿ ನೆಂದರು.’ ಯಾವುದು ಚುಚ್ಚುತ್ತದೆ ಎಂಬುದನ್ನು ಎಲ್ಲರೂ ಗುರುತು ಹಾಕಿಕೊಳ್ಳುತ್ತಾರೆ. ಯಾವುದು ಹಗುರ ಅನಿಸಿತು ಎಂಬುದನ್ನೂ ಬರೆದಿಡಿ, ದಾರಿ ಕಾಣುವುದು ಹೆಚ್ಚಾಗಿ ಅಲ್ಲೇ.

## ಸರ್ವನಾಮ, ಕ್ರಿಯಾಪದ, ಕರೆಯುವ ಮಾತು

ಕನ್ನಡದಲ್ಲಿ ಯಾವ ಸರ್ವನಾಮ ಬಳಸಬೇಕು?

ಅವರನ್ನೇ ಕೇಳಿ. ಹೆಚ್ಚಿನವರು ‘ಅವರು’ ಎನ್ನುತ್ತಾರೆ. ‘ಅವನು’ ಅಥವಾ ‘ಅವಳು’ ಸಾಕು ಎನ್ನುವವರೂ, ಎರಡೂ ನಡೆಯುತ್ತದೆ ಎನ್ನುವವರೂ, ಬರೀ ಹೆಸರು ಹೇಳಿ ಎನ್ನುವವರೂ ಇದ್ದಾರೆ. ಕೇಳುವುದು ಸುಲಭ: ‘ನಿಮ್ಮ ಬಗ್ಗೆ ಬೇರೆಯವರ ಹತ್ರ ಮಾತಾಡುವಾಗ ಏನಂತ ಹೇಳಲಿ?’

ನಮ್ಮ ಭಾಷೆ ಇಲ್ಲಿ ಸಾಕಷ್ಟು ಸಹಾಯ ಮಾಡುತ್ತದೆ. ನಾನು, ನೀನು, ನೀವು, ತಾನು, ಯಾರು ಇವುಗಳಲ್ಲಿ ಲಿಂಗವಿಲ್ಲ. ‘ನಾನು ಬಂದೆ’ ಎಂದು ಯಾರು ಬೇಕಾದರೂ ಹೇಳಬಹುದು. ಹಿಂದಿಯಲ್ಲಿ ತನ್ನ ಬಗ್ಗೆ ತಾನು ಹೇಳಿಕೊಳ್ಳುವಾಗಲೇ ಕ್ರಿಯಾಪದ ಗಂಡೋ ಹೆಣ್ಣೋ ಆಗಿಬಿಡುತ್ತದೆ, ಕನ್ನಡದಲ್ಲಿ ಆ ಕಷ್ಟವಿಲ್ಲ. ತೊಡಕು ಇರುವುದು ಎದುರಿಗಿಲ್ಲದ ಒಬ್ಬರ ಬಗ್ಗೆ ಮಾತಾಡುವಾಗ: ಬಂದನು, ಬಂದಳು, ಬರ್ತಾನೆ, ಬರ್ತಾಳೆ.

‘ಅವರು’ ಅಂದ್ರೆ ಹೊರಗಿನವರ ಥರ ಆಗಲ್ವಾ? ನನ್ನ ಬೆನ್ನಿಗೆ ಹುಟ್ಟಿದವರನ್ನ ಹೇಗೆ ಅವರು ಅನ್ನಲಿ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು, ಕೇಳುವುದರಲ್ಲಿ ನ್ಯಾಯವೂ ಇದೆ. ‘ಅವರು’ ಎಂಬುದರಲ್ಲಿ ಗೌರವ ಬಂದಂತೆ ದೂರವೂ ಬರುತ್ತದೆ. ಅದನ್ನು ದಾಟಲು ಮನೆಗಳಲ್ಲಿ ಚೆನ್ನಾಗಿ ನಡೆಯುವ ದಾರಿ, ಎದುರಿನ ಮಾತನ್ನೂ ಹಿಂದಿನ ಮಾತನ್ನೂ ಬೇರೆ ಮಾಡುವುದು. ಎದುರಿಗೆ ಎಂದಿನಂತೆ ‘ನೀನು’, ‘ಬಾ’, ‘ಊಟ ಮಾಡು’. ಬೇರೆಯವರ ಹತ್ತಿರ ಹೇಳುವಾಗ ಮಾತ್ರ ‘ಕಿರಣ್ ಊಟ ಮಾಡಿದ್ರು’, ‘ಅವರಿಗೆ ಜ್ವರ’. ಸಲುಗೆ ಸಲುಗೆಯಾಗಿಯೇ ಉಳಿಯುತ್ತದೆ. ‘ಅಪ್ಪ ಬಂದ್ರು’ ಎನ್ನುವ ಮನೆಯಲ್ಲಿ ಅಪ್ಪ ಹೊರಗಿನವರಾಗುವುದಿಲ್ಲವಲ್ಲ.

ತೀರಾ ಮುಜುಗರವಾದರೆ ಸರ್ವನಾಮ ಬಿಟ್ಟು, ಹೆಸರಿನ ಜೊತೆ ಬಹುವಚನದ ಕ್ರಿಯಾಪದ ಸೇರಿಸಿ ಶುರು ಮಾಡಿ. ಮೊದಲ ಕೆಲವು ವಾರ ನಾಲಿಗೆ ತಡವರಿಸುತ್ತದೆ, ಆಮೇಲೆ ಯಾರೂ ಗಮನಿಸುವುದಿಲ್ಲ.

ಒಬ್ಬರೋ ಹತ್ತು ಜನರೋ ಗೊತ್ತಾಗಲ್ಲ ಅಲ್ವಾ?

ಡಾಕ್ಟರು, ಟೀಚರು, ಅತ್ತೆ, ಮಾವ ಎಲ್ಲರ ಬಗ್ಗೆಯೂ ‘ಅವರು’ ಎನ್ನುತ್ತೇವೆ, ಗೊಂದಲವಾಗುವುದಿಲ್ಲ. ಎಲ್ಲಾದರೂ ಆದರೆ ‘ಅವರೊಬ್ಬರೇ ಬಂದರು’, ‘ಅವರೆಲ್ಲ ಬಂದರು’ ಎಂದರಾಯಿತು.

ಪ್ರತಿ ಸಲ ‘ಅವರು’ ಬಾಯಿಗೆ ಬರಲ್ಲ. ಬೇರೆ ದಾರಿ ಇದೆಯಾ?

ಇದೆ, ಬೇಕಾದಷ್ಟಿದೆ. ಕನ್ನಡದ ಎಷ್ಟೋ ಕ್ರಿಯಾರೂಪಗಳಲ್ಲಿ ಲಿಂಗವೇ ಇಲ್ಲ. ‘ಇಲ್ಲ’ ಸೇರಿದ ರೂಪಗಳೆಲ್ಲ ಹಾಗೇ: ಕಿರಣ್ ಬರಲಿಲ್ಲ, ಬಂದಿಲ್ಲ, ಬರೋದಿಲ್ಲ. ಬೇಕು, ಬಹುದು, ಬಾರದು, ಲಿ ಸೇರಿದರೂ ಅಷ್ಟೇ: ಕಿರಣ್ ಹೋಗಬೇಕು, ಹೋಗಬಹುದು, ಹೋಗಲಿ. ‘ಗೆ’ ಹಚ್ಚಿ ಹೇಳುವ ವಾಕ್ಯಗಳೂ ಸಲೀಸು: ಕಿರಣ್‌ಗೆ ಗೊತ್ತು, ಕಿರಣ್‌ಗೆ ಇಷ್ಟ, ಕಿರಣ್‌ಗೆ ಹೊಸ ಕೆಲಸ ಸಿಕ್ತು. ಇನ್ನು ‘ಕಿರಣ್ ಮಾಡಿದ ಸಾರು’, ‘ಕಿರಣ್ ಬಂದಮೇಲೆ ಹೊರಡೋಣ’ ಇವಕ್ಕೆ ಯೋಚಿಸುವ ಅಗತ್ಯವೇ ಇಲ್ಲ. ‘ಕಿರಣ್ ಬರ್ತಾಳೆ’ ಬದಲು ‘ಕಿರಣ್ ಬರೋದು ಎಂಟಕ್ಕೆ’ ಎನ್ನಿ, ವಾಕ್ಯ ಸಹಜವಾಗಿಯೇ ಇರುತ್ತದೆ.

ಒಂದು ಎಚ್ಚರಿಕೆ. ಇಷ್ಟನ್ನೇ ನೆಚ್ಚಿಕೊಂಡು ‘ಅವರು’ ಎಂಬುದನ್ನು ಪೂರ್ತಿ ತಪ್ಪಿಸುತ್ತಿದ್ದರೆ ಅದು ಎದುರಿನವರಿಗೆ ಗೊತ್ತಾಗುತ್ತದೆ, ನೋವೂ ಆಗುತ್ತದೆ. ತಡವರಿಸಿದಾಗ ಇದು ಊರುಗೋಲು, ಅಷ್ಟೇ.

ಎದುರಿಗೆ ಮಾತಾಡುವಾಗ ಲಿಂಗ ಬರಲ್ಲ ಅಂದ್ರಿ. ಮತ್ತೆ ‘ಬಾರೋ’, ‘ಬಾರೇ’?

ಸರಿಯಾಗಿ ಹಿಡಿದಿರಿ. ಕ್ರಿಯಾಪದದಲ್ಲಿ ಇಲ್ಲದ ಲಿಂಗ ಬಾಲದಲ್ಲಿ ಬರುತ್ತದೆ: ಕಣೋ-ಕಣೇ, ಏನೋ-ಏನೇ, ಬಾರಪ್ಪ-ಬಾರಮ್ಮ. ಸರ್ವನಾಮವನ್ನು ಕಷ್ಟಪಟ್ಟು ಸರಿಮಾಡಿಕೊಂಡವರೂ ಇಲ್ಲಿ ಜಾರುತ್ತಾರೆ, ಯಾಕೆಂದರೆ ಇವು ಯೋಚಿಸದೆ ಬಾಯಿಗೆ ಬರುವಂಥವು. ಸಲುಗೆಯಲ್ಲಿ ‘ಬಾ’, ‘ಹೇಳು’, ‘ಏನು’ ಎಂದು ಬಾಲವಿಲ್ಲದೆ ನಿಲ್ಲಿಸಬಹುದು. ಗೌರವದಲ್ಲಿ ‘ಬನ್ನಿ’, ‘ಏನ್ರೀ’, ‘ಕಣ್ರೀ’ ಎಲ್ಲರಿಗೂ ಹೊಂದುತ್ತವೆ. ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರು ‘ಮಗಾ’, ‘ಗುರು’ ಎಂಬುದನ್ನು ಯಾರಿಗೆ ಬೇಕಾದರೂ ಹೇಳುತ್ತಾರೆ. ಆದರೂ ಕೆಲವರಿಗೆ ಅದು ಗಂಡಸರ ಮಾತಾಗಿಯೇ ಕೇಳಿಸುತ್ತದೆ, ಒಮ್ಮೆ ಕೇಳಿಕೊಳ್ಳಿ. ಅಂಗಡಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಸಾರ್, ಮೇಡಂ ಬಿಟ್ಟು ‘ನಮಸ್ಕಾರ, ಹೇಳಿ’ ಎಂದರೆ ಸಾಕು.

‘ಅದು’ ಅನ್ನಬಹುದಾ?

ಅವರಾಗಿ ಹೇಳದಿದ್ದರೆ ಖಂಡಿತ ಬೇಡ. ಹವ್ಯಕ ಕನ್ನಡದಲ್ಲಿ ಹೆಂಗಸರ ಬಗ್ಗೆ ‘ಅದು ಬಂತು’ ಎನ್ನುವುದು ಸಹಜ. ಮಕ್ಕಳ ಬಗ್ಗೆ ಎಲ್ಲ ಕಡೆಯೂ ಹಾಗೆ ಹೇಳುತ್ತೇವೆ. ಆದರೆ ಬೆಂಗಳೂರಿನ ಬೀದಿಯಲ್ಲಿ ಟ್ರಾನ್ಸ್ ಜನರನ್ನು, ಅಂದರೆ ಹುಟ್ಟಿದಾಗ ಬೇರೆಯವರು ಹೇಳಿದ ಲಿಂಗ ತಮ್ಮದಲ್ಲ ಎನ್ನುವವರನ್ನು, ‘ಅದು’ ಎಂದು ಕರೆದಿರುವುದು ಅವಮಾನಿಸಲಿಕ್ಕೇ. ಆ ಗಾಯ ಇನ್ನೂ ಹಸಿಯಾಗಿದೆ. ಕೆಲವರು ತಮ್ಮತಮ್ಮಲ್ಲಿ ಬಳಸಿಕೊಂಡರೆ ಅದು ಅವರ ಹಕ್ಕು, ಉಳಿದವರಿಗೆ ಅನುಮತಿಯಲ್ಲ.

ಹೊಸ ಸರ್ವನಾಮವನ್ನೇ ಕಟ್ಟಬಾರದಾ?

ಕಟ್ಟಬಹುದು. ಆದರೆ ಕನ್ನಡದಲ್ಲಿ ಸರ್ವನಾಮ ಒಂಟಿಯಾಗಿ ನಿಲ್ಲುವುದಿಲ್ಲ. ಹೊಸ ಪದಕ್ಕೆ ಅನ್ನು, ಇಂದ, ಗೆ, ಅಲ್ಲಿ ಎಲ್ಲ ವಿಭಕ್ತಿಯೂ ಬೇಕು, ಮೇಲೆ ಬಂದ, ಬರುವ, ಬರುತ್ತಿರುವ ಎಲ್ಲ ಕಾಲಕ್ಕೂ ಹೊಸ ಕ್ರಿಯಾಪ್ರತ್ಯಯವೂ ಬೇಕು. ಕವಿತೆಯಲ್ಲಿ ಅದು ನಡೆಯಬಹುದು. ಮನೆಮಾತಿನಲ್ಲಿ ಅಷ್ಟನ್ನೂ ಉಳಿಸಿಕೊಳ್ಳುವುದು ಕಷ್ಟ. ‘ಅವರು’ ಗೆಲ್ಲುವುದು ಇದೇ ಕಾರಣಕ್ಕೆ: ಅದರ ಕ್ರಿಯಾಪದ ಎಲ್ಲರ ಬಾಯಲ್ಲೂ ಆಗಲೇ ಇದೆ.

ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು ಇಟ್ಕೋಬಹುದಾ?

ಧಾರಾಳವಾಗಿ. ಈ ಊರಲ್ಲಿ ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್, ಪಕ್ಕದ ಮನೆಯಲ್ಲಿ ತಮಿಳು ಅಥವಾ ತೆಲುಗು. ಇಂಗ್ಲಿಷಿನಲ್ಲಿ ದೇ, ಕನ್ನಡದಲ್ಲಿ ಅವರು, ತಮಿಳಿನಲ್ಲಿ ಅವಂಗ ಎಂದುಕೊಂಡವರಿದ್ದಾರೆ. ಇಂಗ್ಲಿಷಿನಲ್ಲಿ ದೇ ಬಳಸಿ, ಕನ್ನಡದಲ್ಲಿ ಅಜ್ಜಿಯ ಬಾಯಲ್ಲಿ ‘ಅವನು’ ಎಂದು ಕೇಳಲು ಬೇಸರವಿಲ್ಲ ಎನ್ನುವವರೂ ಇದ್ದಾರೆ. ಒಂದರಿಂದ ಇನ್ನೊಂದನ್ನು ಊಹಿಸಬೇಡಿ.

ಲೇಖಕನಾ, ಲೇಖಕಿನಾ? ಏನಂತ ಬರೀಲಿ?

ಲೇಖಕರು. ಹಾಗೆಯೇ ಶಿಕ್ಷಕರು, ಕಲಾವಿದರು, ಸ್ನೇಹಿತರು, ‘ಒಬ್ಬರು ವಿದ್ಯಾರ್ಥಿ’. ಶ್ರೀ, ಶ್ರೀಮತಿ, ಕುಮಾರಿ ಬಿಟ್ಟು ಬರೀ ಹೆಸರು ಬರೆಯಿರಿ. ಪತ್ರದಲ್ಲಿ ‘ಮಾನ್ಯರೇ’ ಸಾಕು. ಲಗ್ನಪತ್ರಿಕೆಯಲ್ಲಿ ಮನೆಯವರ ಹೆಸರಿನ ಹಿಂದೆ ‘ಚಿ.’ ಒಂದೇ ಇಟ್ಟರೆ ಯಾರಿಗೂ ಹೊಂದುತ್ತದೆ.

ತಪ್ಪಿ ‘ಅವಳು’ ಅಂದುಬಿಟ್ಟೆ. ಏನು ಮಾಡಲಿ?

ಅದೇ ಉಸಿರಿನಲ್ಲಿ ತಿದ್ದಿ ಮುಂದೆ ಹೋಗಿ: ‘ಅವಳು... ಅವರು ನಾಳೆ ಬರ್ತಾರೆ.’ ಐದು ನಿಮಿಷ ಕ್ಷಮೆ ಕೇಳಿದರೆ ಕೊನೆಗೆ ಅವರೇ ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ. ಅಭ್ಯಾಸ ಆಗುವುದು ಅವರಿಲ್ಲದಾಗ. ಹಿಂದಿನಿಂದ ‘ಅವಳು’ ಎನ್ನುತ್ತಾ ಎದುರಿಗೆ ಮಾತ್ರ ಸರಿಯಾಗಿ ಹೇಳುತ್ತೇನೆಂದರೆ ಎಂದಿಗೂ ಸರಿಹೋಗುವುದಿಲ್ಲ. ಆದರೆ ಅವರು ಯಾರ ಮುಂದೆ ಹೇಳಿಕೊಂಡಿಲ್ಲವೋ ಅವರ ಮುಂದೆ ಹಳೆಯದನ್ನೇ ಬಳಸಬೇಕೇ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ.

## ಮನೆ

ಅಪ್ಪ ಅಮ್ಮನಿಗೆ ಹೇಗೆ ಹೇಳೋದು?

ಮೊದಲು ನಿಮ್ಮ ನೆಲ ಗಟ್ಟಿ ಮಾಡಿಕೊಳ್ಳಿ. ಮನೆಯಲ್ಲಿ ಹೊಡೆತ, ಕೂಡಿಹಾಕುವುದು, ಬಲವಂತದ ಮದುವೆಯ ಭಯವಿದ್ದರೆ ಈಗಲೇ ಹೇಳಬೇಕೆಂಬ ಕಡ್ಡಾಯವಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟಿನ ಮೂಲಪ್ರತಿಗಳು ನಿಮ್ಮ ಕೈಯಲ್ಲಿರಲಿ, ಡಿಜಿಲಾಕರಿನಲ್ಲೂ ಇರಲಿ. ನಿಮ್ಮ ಒಬ್ಬರ ಹೆಸರಲ್ಲೇ ಬ್ಯಾಂಕ್ ಖಾತೆ ಇರಲಿ, ಜಂಟಿ ಖಾತೆ ಬೇಡ. ಎರಡು ವಾರ ಇರಲು ಒಂದು ಮನೆ ಗೊತ್ತಿರಲಿ.

ಹಬ್ಬ, ಮದುವೆಯ ಗಡಿಬಿಡಿಯಲ್ಲಿ ಹೇಳಬೇಡಿ, ಜಗಳದ ನಡುವೆ ಅಂತೂ ಬೇಡವೇ ಬೇಡ. ಮೊದಲು ಒಬ್ಬ ಚಿಕ್ಕಮ್ಮನೋ ದೊಡ್ಡಪ್ಪನ ಮಗಳೋ ನಿಮ್ಮ ಪಕ್ಕ ಇದ್ದರೆ ಅರ್ಧ ಕೆಲಸ ಆದಂತೆ. ಹೇಳುವಾಗ ಇಂಗ್ಲಿಷ್ ಪದಗಳಿಂದ ಶುರು ಮಾಡಬೇಡಿ, ಅವರಿಗೆ ಅದು ರೋಗದ ಹೆಸರಿನಂತೆ ಕೇಳಿಸುತ್ತದೆ. ಹೀಗೆ ಹೇಳಬಹುದು: ‘ಅಮ್ಮಾ, ನನ್ನನ್ನ ಮಗಳು ಅಂದಾಗ ಬೇರೆ ಯಾರನ್ನೋ ಕರೆದ ಹಾಗೆ ಅನ್ಸುತ್ತೆ. ಮಗ ಅಂದ್ರೂ ಹಾಗೇ. ತುಂಬಾ ವರ್ಷದಿಂದ ಹೀಗಿದೆ. ನಾನು ನಿನ್ನ ಮಗುನೇ, ಎಲ್ಲೂ ಹೋಗ್ತಿಲ್ಲ.’ ಆಮೇಲೆ ಒಂದೇ ಒಂದು ಬೇಡಿಕೆ ಇಡಿ, ಹೆಸರೋ ಸರ್ವನಾಮವೋ. ಹೆಸರು, ಬಟ್ಟೆ, ಮದುವೆ ಬೇಡ ಎಂಬ ಮಾತು, ಎಲ್ಲವನ್ನೂ ಒಂದೇ ಸಂಜೆ ಇಟ್ಟರೆ ಯಾವುದೂ ಒಳಗಿಳಿಯುವುದಿಲ್ಲ. ‘ಜನ ಏನಂತಾರೆ’ ಎಂಬ ಮೊದಲ ಉತ್ತರವನ್ನು ಕೊನೆಯ ಉತ್ತರವೆಂದು ತಿಳಿಯಬೇಡಿ.

ನಮ್ಮ ಮಗುನ ಮಗ ಅನ್ನಬೇಕಾ, ಮಗಳು ಅನ್ನಬೇಕಾ?

ನೀವೇ ‘ನಮ್ಮ ಮಗು’ ಎಂದಿರಿ, ಅದೇ ಸಾಕು. ಪುಟ್ಟ, ಕಂದ, ಚಿನ್ನ, ಕೂಸು ಎಲ್ಲವೂ ಇವೆ. ನೆಂಟರ ಮುಂದೆ ‘ನಮ್ಮ ದೊಡ್ಡೋರು’, ‘ನಮ್ಮ ಚಿಕ್ಕೋರು’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಣ್ಣ, ಅಕ್ಕ, ಅತ್ತೆ, ಮಾವ ಎಂಬ ಕಡೆ ಹೆಸರೋ ಮುದ್ದಿನ ಹೆಸರೋ ಸಾಕು. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಸರ್ವನಾಮಕ್ಕಿಂತ ಹೆಚ್ಚು ಕುತ್ತಿಗೆಗೆ ಬರುವುದು ಶಾಸ್ತ್ರಗಳು. ಗೌರಿ ಹಬ್ಬದ ಬಾಗಿನ, ಹೊರಡುವಾಗ ಕೊಡುವ ಅರಿಶಿನ ಕುಂಕುಮ, ಮದುವೆಯಲ್ಲಿ ಆರತಿಗೆ ಕರೆಯುವುದು. ಎಲ್ಲರೆದುರು ಕೈ ಹಿಡಿದು ಎಳೆಯುವ ಬದಲು ಹಿಂದಿನ ದಿನವೇ ‘ಇದಕ್ಕೆ ಬರ್ತೀಯಾ, ಬೇಡವಾ’ ಎಂದು ಕೇಳಿ.

## ಊರು, ಕೆಲಸ

ಬಸ್ಸಲ್ಲಿ, ಮೆಟ್ರೋದಲ್ಲಿ ಏನು ಮಾಡೋದು?

ಜೂನ್ 11, 2023ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಕಂಡಕ್ಟರ್ ನೋಡುವುದು ಗುರುತಿನ ಚೀಟಿಯನ್ನು. ಚೀಟಿಯಲ್ಲಿ ಒಂದು, ಕಣ್ಣಿಗೆ ಒಂದು ಅನಿಸಿದಾಗ ಮಾತು ಬೆಳೆಯುತ್ತದೆ. ತುಂಬಿದ ಬಸ್ಸಿನಲ್ಲಿ ವಾದ ಬೇಡ ಅನಿಸಿದ ದಿನ ಟಿಕೆಟ್ ತೆಗೆದುಕೊಂಡರೆ ನೀವೇನೂ ಸೋತಂತಲ್ಲ. ಮೆಟ್ರೋದ ತಪಾಸಣೆಯಲ್ಲಿ ಎರಡೇ ಸಾಲು. ನಿಮಗೆ ಕಡಿಮೆ ಕಷ್ಟವೆನಿಸುವ ಸಾಲನ್ನು ಆರಿಸಿಕೊಳ್ಳಿ, ಮೈಮುಟ್ಟುವ ಮೊದಲೇ ‘ನಾನು ಟ್ರಾನ್ಸ್, ಮಷೀನಿನಲ್ಲಿ ನೋಡಿ’ ಎಂದು ತಗ್ಗಿದ ದನಿಯಲ್ಲಿ ಹೇಳಿ. ಶೌಚಾಲಯಕ್ಕೆ ಅಂಗವಿಕಲರಿಗಾಗಿ ಇರುವ ಒಂಟಿ ಕೋಣೆ ಮಾಲ್‌ಗಳಲ್ಲಿ, ಟೆಕ್ ಪಾರ್ಕ್‌ಗಳಲ್ಲಿ ಸಿಗುತ್ತದೆ. ಹೊರಗೆ ಹೋದಾಗ ನೀರು ಕುಡಿಯುವುದನ್ನೇ ಬಿಡುವ ಅಭ್ಯಾಸ ಬೇಡ, ಮೂತ್ರದ ಸೋಂಕಿಗೆ ಅದು ದಾರಿ.

ಆಫೀಸಿನಲ್ಲಿ ಹೆಸರು ಬದಲಾಯಿಸಬಹುದಾ?

ದಾಖಲೆ ಬದಲಾಗದೆಯೂ ಬದಲಾಗುವಂಥವು ಹಲವು ಇವೆ: ಇಮೇಲ್, ಚಾಟಿನ ಹೆಸರು, ಕೊರಳಿನ ಐಡಿ ಕಾರ್ಡ್, ಮೇಜಿನ ಫಲಕ. ಬದಲಾಗದವು: ಪಿಎಫ್, ಸಂಬಳದ ಖಾತೆ, ತೆರಿಗೆ, ಆರೋಗ್ಯ ವಿಮೆ. ಇವು ಆಧಾರ್, ಪ್ಯಾನ್ ಜೊತೆ ಹೊಂದಲೇಬೇಕು. ಎಚ್‌ಆರ್‌ಗೆ ಈ ಎರಡು ಪಟ್ಟಿಯನ್ನು ಬೇರೆ ಬೇರೆ ಬರೆದುಕೊಡಿ. ಒಂದೇ ಮಾತಿನಲ್ಲಿ ಕೇಳಿದರೆ ‘ಗೆಜೆಟ್ ತನ್ನಿ’ ಎಂಬ ಉತ್ತರ ಬರುತ್ತದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ 11ನೇ ಕಲಂ ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು ಎನ್ನುತ್ತದೆ, ಯಾರೆಂದು ಕೇಳಿ ಇಟ್ಟುಕೊಳ್ಳಿ.

ಮ್ಯಾನೇಜರುಗಳಿಗೆ ಒಂದು ಮಾತು: ಸಭೆಯಲ್ಲಿ ಎಲ್ಲರೂ ಸರ್ವನಾಮ ಹೇಳಲೇಬೇಕೆಂದು ಸಾಲಾಗಿ ಕೇಳಬೇಡಿ. ಇನ್ನೂ ಹೇಳಿಕೊಳ್ಳದವರು ಅಲ್ಲಿ ಸುಳ್ಳು ಹೇಳಬೇಕಾಗುತ್ತದೆ, ಇಲ್ಲವೇ ಬಯಲಾಗಬೇಕಾಗುತ್ತದೆ. ಮೊದಲು ನೀವು ನಿಮ್ಮದನ್ನು ಹೇಳಿ, ಬೇಕಾದವರು ಹೇಳಲಿ.

ಎದೆ ಚಪ್ಪಟೆ ಕಾಣಲು ಬ್ಯಾಂಡೇಜ್ ಸುತ್ತಬಹುದಾ?

ಬೇಡ. ಕ್ರೇಪ್ ಬ್ಯಾಂಡೇಜ್ ಉಸಿರಾಡಿದಂತೆಲ್ಲ ಬಿಗಿಯಾಗುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಅದಕ್ಕೆಂದೇ ಹೊಲಿದ ಬೈಂಡರ್ ಅಥವಾ ಬಿಗಿಯಾದ ಸ್ಪೋರ್ಟ್ಸ್ ಬ್ರಾ ಬಳಸಿ. ಒಂದರ ಮೇಲೊಂದು ಹಾಕಬೇಡಿ, ಚಿಕ್ಕ ಅಳತೆ ಕೊಳ್ಳಬೇಡಿ. ದಿನಕ್ಕೆ 8 ಗಂಟೆ ಮೀರಬಾರದು. ಮಲಗುವಾಗ, ವ್ಯಾಯಾಮ ಮಾಡುವಾಗ ತೆಗೆದಿಡಿ. ನೋವು, ಜುಮುಗುಡುವಿಕೆ, ಉಸಿರು ಕಟ್ಟುವುದು ಕಂಡರೆ ತಕ್ಷಣ ಬಿಚ್ಚಿ.

## ದಾಖಲೆ, ಕಾನೂನು, ವೈದ್ಯರು

ಆಧಾರ್‌ನಲ್ಲಿ ನಾನ್‌ಬೈನರಿ ಅಂತ ಹಾಕಿಸಬಹುದಾ?

ಆ ಆಯ್ಕೆ ಇಲ್ಲ. ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಮೂರರಲ್ಲೂ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಎಂಬ ಮೂರು ಆಯ್ಕೆ. ಪ್ಯಾನ್ ಅರ್ಜಿಗೆ ಮೂರನೆಯದು ಸೇರಿದ್ದು 2018ರಲ್ಲಿ. ಅವಸರ ಬೇಡ: ಆಧಾರಿನ ನಿಯಮದಲ್ಲಿ ಲಿಂಗದ ತಿದ್ದುಪಡಿಗೆ ಒಂದೇ ಅವಕಾಶ, ಹೆಸರಿಗೆ ಎರಡು. ಆಧಾರಿನಲ್ಲಿ ಒಂದು, ಪ್ಯಾನಿನಲ್ಲಿ ಇನ್ನೊಂದು ಇದ್ದರೆ ಜೋಡಣೆ ವಿಫಲವಾಗಿ ಬ್ಯಾಂಕು, ತೆರಿಗೆ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾಗಿ ಮೊದಲು ಆಧಾರ್, ಅದು ಬಂದ ಮೇಲೆ ಪ್ಯಾನ್, ಆಮೇಲೆ ಬ್ಯಾಂಕು, ಕೊನೆಗೆ ಪಾಸ್‌ಪೋರ್ಟ್. ಹೆಸರು ಬದಲಾವಣೆಗೆ ನೋಟರಿ ಮಾಡಿಸಿದ ಅಫಿಡವಿಟ್, ಪತ್ರಿಕಾ ಪ್ರಕಟಣೆ, ಗೆಜೆಟ್ ಬೇಕಾಗುತ್ತವೆ. ಮೂರರಲ್ಲೂ ಕಾಗುಣಿತ ಅಕ್ಷರಶಃ ಒಂದೇ ಇರಲಿ, ಇನಿಷಿಯಲ್ ಎಲ್ಲಿ ಬರುತ್ತದೆ ಎಂಬುದೂ ಸೇರಿ. ಹೆಚ್ಚಿನ ಅರ್ಜಿಗಳು ವಾಪಸ್ ಬರುವುದು ಆ ಇನಿಷಿಯಲ್‌ನಿಂದಲೇ.

ಕಾನೂನು ನಮ್ಮನ್ನ ಒಪ್ಪುತ್ತಾ?

2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರಲ್ಲಿ ಬಂದಾಗ ಟ್ರಾನ್ಸ್‌ಜೆಂಡರ್ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಜೆಂಡರ್‌ಕ್ವಿಯರ್’ ಎಂಬ ಪದವಿತ್ತು, ಅದು ನಾನ್‌ಬೈನರಿಗೆ ಹತ್ತಿರದ ಪದ. ಜಿಲ್ಲಾಧಿಕಾರಿಗೆ ಅಫಿಡವಿಟ್ ಕೊಟ್ಟು, ವೈದ್ಯಕೀಯ ತಪಾಸಣೆಯಿಲ್ಲದೆ ಗುರುತಿನ ಪ್ರಮಾಣಪತ್ರ ಪಡೆಯುವ ಕ್ರಮವನ್ನು 2020ರ ನಿಯಮಗಳು ಹಾಕಿಕೊಟ್ಟವು. ಈ ಕಾಯ್ದೆಯನ್ನು ಬದಲಿಸುವ ಪ್ರಯತ್ನಗಳು ನಿಂತಿಲ್ಲ. ಆದ್ದರಿಂದ ಅರ್ಜಿ ಹಾಕುವ ವಾರ ಜಾರಿಯಲ್ಲಿರುವ ಪಠ್ಯವನ್ನು ವಕೀಲರ ಜೊತೆ ಕೂತು ಓದಿ, ಹಳೆಯ ವಿಡಿಯೋ ನೋಡಿ ಆಧಾರಿನ ಒಂದೇ ಅವಕಾಶವನ್ನು ಖರ್ಚು ಮಾಡಬೇಡಿ. ಸರ್ಕಾರಿ ಕೆಲಸಕ್ಕೆ ಓದುವವರು ಗಮನಿಸಿ: 2021ರಲ್ಲಿ ಕರ್ನಾಟಕ ನೇಮಕಾತಿ ನಿಯಮ ತಿದ್ದಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ. 1 ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು.

ಕೌನ್ಸೆಲರ್ ಹತ್ರ ಹೋದ್ರೆ ‘ಸರಿ ಮಾಡ್ತೀವಿ’ ಅಂತಾರಾ?

ಹಾಗೆಂದವರ ಬಾಗಿಲಿಂದ ಎದ್ದು ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣವಾದ ಐಸಿಡಿ-11 ಟ್ರಾನ್ಸ್ ಗುರುತನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ, 2022ರಿಂದ ಅದು ಜಾರಿಯಲ್ಲಿದೆ. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ, ಲಿಂಗತ್ವವನ್ನು ಬದಲಿಸುತ್ತೇವೆ ಎನ್ನುವ ಕನ್ವರ್ಷನ್ ಥೆರಪಿಯನ್ನು ವೃತ್ತಿ ದುರ್ನಡತೆ ಎಂದಿತು. ಅಪಾಯಿಂಟ್‌ಮೆಂಟ್‌ಗೆ ಮೊದಲೇ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ: ನಾನ್‌ಬೈನರಿ ಜನರ ಜೊತೆ ಕೆಲಸ ಮಾಡಿದ್ದೀರಾ? ನನ್ನ ಒಪ್ಪಿಗೆಯಿಲ್ಲದೆ ಮನೆಯವರಿಗೆ ಹೇಳುತ್ತೀರಾ? ಕನ್ನಡದಲ್ಲಿ ಮಾತಾಡಬಹುದಾ? ಮೂರನೆಯದನ್ನು ಬಿಡಬೇಡಿ, ಮನೆಯ ನೋವು ಮನೆಮಾತಿನಲ್ಲೇ ಹೊರಬರುತ್ತದೆ. ಜೀವ ಬೇಡವೆನಿಸಿದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡ ಆರಿಸಿಕೊಳ್ಳಬಹುದು.

ಹಾರ್ಮೋನ್ ತಗೊಳ್ಳಲೇಬೇಕಾ? ಸ್ವಲ್ಪವೇ ತಗೊಂಡ್ರೆ ಆಗುತ್ತಾ?

ತೆಗೆದುಕೊಳ್ಳಲೇಬೇಕೆಂದಿಲ್ಲ, ಎಷ್ಟೋ ಜನ ತೆಗೆದುಕೊಳ್ಳುವುದಿಲ್ಲ. ಬೇಕೆನ್ನುವವರಿಗೆ ದಾರಿ ಇದೆ. ವೈದ್ಯರು ಅನುಸರಿಸುವ, ಟ್ರಾನ್ಸ್ ಆರೋಗ್ಯದ ಅಂತರರಾಷ್ಟ್ರೀಯ ಸಂಘ ಡಬ್ಲ್ಯುಪಾತ್‌ನ ಮಾರ್ಗಸೂಚಿಯ 2022ರ 8ನೇ ಆವೃತ್ತಿಯಲ್ಲಿ ನಾನ್‌ಬೈನರಿ ಜನರಿಗೆಂದೇ ಒಂದು ಅಧ್ಯಾಯವಿದೆ, ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ತೋರಿಸಿ. ಆದರೆ ‘ದನಿ ಬದಲಾಗಲಿ, ಗಡ್ಡ ಬೇಡ’ ಎಂದು ಆರಿಸಿಕೊಳ್ಳಲು ಬರುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಬದಲಾವಣೆ ನಿಧಾನವಾಗಬಹುದು, ಏನೇನು ಬರಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್‌ನಿಂದ ಒಡೆದ ದನಿ ಅದನ್ನು ನಿಲ್ಲಿಸಿದ ಮೇಲೂ ಹಿಂದಿರುಗುವುದಿಲ್ಲ, ಹೆಣ್ಣು ಹಾರ್ಮೋನ್ ಈಸ್ಟ್ರೊಜನ್‌ನಿಂದ ಬೆಳೆದ ಎದೆಯೂ ಅಷ್ಟೇ. ಟೆಸ್ಟೋಸ್ಟಿರಾನ್ ರಕ್ತವನ್ನು ಮಂದ ಮಾಡಬಹುದು. ಈಸ್ಟ್ರೊಜನ್ ಜೊತೆ ಸಿಗರೇಟು ಸೇರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆದ್ದರಿಂದ ಶುರು ಮಾಡುವ ಮೊದಲೂ, ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆಯೂ ರಕ್ತ ಪರೀಕ್ಷೆ ಬೇಕು. ಮುಂದೆ ಮಕ್ಕಳು ಬೇಕೆನಿಸಬಹುದಾದರೆ ಅಂಡಾಣು, ವೀರ್ಯ ಕಾಪಿಡುವ ಮಾತನ್ನು ಮೊದಲ ಭೇಟಿಯಲ್ಲೇ ಎತ್ತಿ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನೀವೇ ಚುಚ್ಚಿಕೊಳ್ಳಬೇಡಿ. ಆಗಲೇ ಹಾಗೆ ಮಾಡುತ್ತಿದ್ದರೆ ಮುಚ್ಚಿಡದೆ ಹಾರ್ಮೋನ್ ತಜ್ಞರಾದ ಎಂಡೋಕ್ರೈನಾಲಜಿಸ್ಟ್‌ಗೆ ಹೇಳಿ: ಯಾವ ಔಷಧ, ಎಷ್ಟು, ಎಂದಿನಿಂದ. ಮುಂದಿನ ಡೋಸ್ ಲೆಕ್ಕ ಹಾಕಲು ಅವರಿಗೆ ಅದು ಗೊತ್ತಿರಬೇಕು.